ಅಂತರಜಾಲ ಸೇವಾದಾರರನ್ನು ಬದಲಿಸುವ ಮುನ್ನ: ಮನೆಯ ಸಂಪರ್ಕವನ್ನು ಗುರುತಿಸುವ ಕ್ರಮ

ಇಂದಿನ ದಿನಗಳಲ್ಲಿ ಸಣ್ಣ ವ್ಯಾಪಾರಸ್ಥರ ಮನೆಯೇ ಅರ್ಧ ಕಚೇರಿಯಾಗಿ ಪರಿಣಮಿಸಿದೆ. ಹಗಲು ಅಂಗಡಿಯಲ್ಲಿ ನಡೆದ ವಹಿವಾಟಿನ ಲೆಕ್ಕ ರಾತ್ರಿ ಮನೆಯ ಗಣಕಯಂತ್ರದಲ್ಲಿ ದಾಖಲಾಗುತ್ತದೆ. ಐವತ್ತು ಸಾವಿರ ರೂಪಾಯಿಗಳಿಗೆ ಮೀರಿದ ಸರಕಿನ ಸಾಗಣೆಗೆ ಬೇಕಾದ ಇ-ವೇ ಬಿಲ್ ಪದ್ಧತಿಯು ರಾಜ್ಯದೊಳಗಿನ ಸಾಗಣೆಗೂ ಕರ್ನಾಟಕದಲ್ಲಿ 2018ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಇಂತಹ ಸನ್ನಿವೇಶದಲ್ಲಿ ಮನೆಯ ಅಂತರಜಾಲ ಸಂಪರ್ಕವು ಎರಡು ದಿನ ಸ್ಥಗಿತಗೊಂಡರೂ ತುಂಬಿದ ಲಾರಿ ಗೋದಾಮಿನ ಮುಂದೆಯೇ ನಿಲ್ಲಬೇಕಾದೀತು. ಆದುದರಿಂದ ಸೇವಾದಾರರನ್ನು ಬದಲಿಸುವ ನಿರ್ಧಾರವನ್ನು ಕೇವಲ ಮಾಸಿಕ ಬಾಡಿಗೆಯ ಲೆಕ್ಕದಿಂದ ಕೈಗೊಳ್ಳುವುದು ವಿವೇಕವೆನಿಸದು.

ಮೊಬೈಲ್ ಸಂಖ್ಯೆಯನ್ನು ಉಳಿಸಿಕೊಂಡೇ ಸಂಸ್ಥೆಯನ್ನು ಬದಲಿಸುವ ಸೌಲಭ್ಯವು 2011ರ ಜನವರಿ 20ರಂದು ದೇಶಾದ್ಯಂತ ಜಾರಿಗೆ ಬಂದಿತು. ಮನೆಯ ಬ್ರಾಡ್‌ಬ್ಯಾಂಡ್ ಕೂಡ ಅಷ್ಟೇ ಸುಲಭವಾಗಿ ಬದಲಾಗುವುದೆಂದು ಅನೇಕರು ಭಾವಿಸುತ್ತಾರೆ. ವಸ್ತುಸ್ಥಿತಿ ಹಾಗಿಲ್ಲ. ತಂತಿಯ ಮೂಲಕ ಬರುವ ಸೇವೆಗೆ ಅಂತಹ ವರ್ಗಾವಣೆಯ ವ್ಯವಸ್ಥೆ ಇಲ್ಲ. ಸಾಮಾನ್ಯವಾಗಿ ಹೊಸ ಸೇವಾದಾರರು ಹೊಸ ತಂತಿಯನ್ನೇ ಎಳೆಯುತ್ತಾರೆ; ಹಳೆಯದನ್ನು ಪ್ರತ್ಯೇಕವಾಗಿ ರದ್ದುಪಡಿಸಬೇಕಾಗುತ್ತದೆ. ಹೀಗಾಗಿ ಈಗ ಮನೆಗೆ ಬಂದಿರುವುದು ಯಾವ ಬಗೆಯ ಸಂಪರ್ಕ, ಅದರಲ್ಲಿ ತಮ್ಮದೆಷ್ಟು, ಸಂಸ್ಥೆಯದೆಷ್ಟು ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು.

ಮೊದಲ ಹೆಜ್ಜೆ: ತಂತಿಯ ಪರಿಶೀಲನೆ

ಯೋಜನೆಯ ಹೆಸರಿನಿಂದ ಸಂಪರ್ಕದ ಬಗೆ ತಿಳಿಯುವುದಿಲ್ಲ. ಗೋಡೆಯನ್ನು ದಾಟಿ ಮನೆಯೊಳಗೆ ಬರುವ ತಂತಿಯನ್ನೇ ನೋಡಬೇಕು. ಮುಖ್ಯವಾಗಿ ಐದು ಬಗೆಗಳಿವೆ.

1. ದೂರವಾಣಿಯ ತಾಮ್ರದ ತಂತಿ: ತೆಳುವಾದ ಜೋಡಿ ತಂತಿಯು ದೂರವಾಣಿಯ ಚಿಕ್ಕ ಪ್ಲಗ್‌ನಲ್ಲಿ ಕೊನೆಗೊಳ್ಳುತ್ತದೆ. ದೂರವಾಣಿ ಹಾಗೂ ಮೋಡೆಂಗಳನ್ನು ಬೇರ್ಪಡಿಸುವ ಸ್ಪ್ಲಿಟರ್ ಎಂಬ ಪುಟ್ಟ ಡಬ್ಬಿ ಜೊತೆಗಿರುತ್ತದೆ. ಇದು ಎಡಿಎಸ್‌ಎಲ್ ಅಥವಾ ಅದರ ಸುಧಾರಿತ ರೂಪ. ವಿನಿಮಯ ಕೇಂದ್ರದಿಂದ ದೂರ ಹೆಚ್ಚಿದಂತೆ ವೇಗ ಕುಸಿಯುವುದು ಇದರ ಲಕ್ಷಣ.

2. ಕೇಬಲ್ ಟಿವಿ ತಂತಿ: ದಪ್ಪನೆಯ ದುಂಡು ಕೇಬಲ್, ತುದಿಯಲ್ಲಿ ತಿರುಗಿಸಿ ಬಿಗಿಯುವ ಲೋಹದ ಪಿನ್. ಅದು ಸೆಟ್-ಟಾಪ್ ಪೆಟ್ಟಿಗೆಗೆ ಮಾತ್ರ ಹೋಗಿದ್ದರೆ ಟಿವಿಯ ಸಂಪರ್ಕವಷ್ಟೇ. ಕೇಬಲ್ ಮೋಡೆಂಗೆ ಹೋಗಿದ್ದರೆ ಅಂತರಜಾಲದ ಸಂಪರ್ಕ.

3. ಲ್ಯಾನ್ ತಂತಿ: ಎಂಟು ಎಳೆಗಳ, ಅಗಲವಾದ ಪ್ಲಗ್ ಇರುವ ತಂತಿಯು ಹೊರಗಿನಿಂದ ನೇರವಾಗಿ ರೂಟರ್‌ಗೆ ಬರುತ್ತದೆ. ಬಡಾವಣೆ ಅಥವಾ ಕಟ್ಟಡದವರೆಗೆ ಫೈಬರ್ ಬಂದು, ಅಲ್ಲಿಂದ ಮನೆಯವರೆಗೆ ತಾಮ್ರದ ತಂತಿ ಬಂದಿರುತ್ತದೆ. ಕಟ್ಟಡದಲ್ಲಿರುವ ಸ್ವಿಚ್‌ಗೆ ವಿದ್ಯುತ್ ಕಡಿತವಾದರೆ, ಮನೆಯಲ್ಲಿ ಯುಪಿಎಸ್ ಇದ್ದರೂ ಸಂಪರ್ಕ ನಿಲ್ಲುತ್ತದೆ.

4. ಮನೆಯವರೆಗಿನ ಫೈಬರ್: ಬಹಳ ತೆಳುವಾದ ಈ ತಂತಿಯ ತುದಿಯಲ್ಲಿ ಸಾಮಾನ್ಯವಾಗಿ ಹಸಿರು ಬಣ್ಣದ ಚೌಕಾಕಾರದ ಪ್ಲಗ್ ಇರುತ್ತದೆ. ಅದು ಒಎನ್‌ಟಿ ಎಂಬ ಉಪಕರಣಕ್ಕೆ ಸೇರುತ್ತದೆ. ಆ ಉಪಕರಣದ ಮೇಲೆ ‘ಪಾನ್’ ಮತ್ತು ‘ಲಾಸ್’ ಎಂಬ ದೀಪಗಳಿರುತ್ತವೆ. ‘ಲಾಸ್’ ದೀಪ ಕೆಂಪಾಗಿ ಉರಿದರೆ ಬೆಳಕಿನ ಸಂಕೇತ ತಲುಪುತ್ತಿಲ್ಲವೆಂದು ತಿಳಿಯಬೇಕು.

5. ನಿಸ್ತಂತು ಸಂಪರ್ಕ: ತಾರಸಿ ಅಥವಾ ಕಿಟಕಿಯ ಬಳಿ ಅಳವಡಿಸಿದ ಗ್ರಾಹಕ ಯಂತ್ರದಿಂದ ಒಳಗಿನ ರೂಟರ್‌ಗೆ ತಂತಿ ಬರುತ್ತದೆ. 2023ರಲ್ಲಿ ಭಾರತದ ಎರಡು ಪ್ರಮುಖ ಸಂಸ್ಥೆಗಳು 5ಜಿ ಆಧಾರಿತ ಇಂತಹ ಗೃಹಸೇವೆಯನ್ನು ಆರಂಭಿಸಿದವು.

ಪರಿಶೀಲನೆಯ ವೇಳೆ ಫೈಬರ್ ಪ್ಲಗ್ಗನ್ನು ಕೀಳಬಾರದು. ಅದರಲ್ಲಿ ಹರಿಯುವ ಲೇಸರ್ ಬೆಳಕು ಕಣ್ಣಿಗೆ ಕಾಣದು. ತುದಿಯನ್ನು ಕಣ್ಣಿನ ನೇರಕ್ಕೆ ಹಿಡಿಯುವುದು ಅಪಾಯಕರ. ತಂತಿಯನ್ನು ಬಿಗಿಯಾಗಿ ಮಡಿಸಿದರೂ ಸಂಪರ್ಕ ಕೆಡುತ್ತದೆ.

ಎರಡನೆಯ ಹೆಜ್ಜೆ: ಉಪಕರಣಗಳ ಒಡೆತನ

ಮೋಡೆಂ, ಒಎನ್‌ಟಿ ಮತ್ತು ರೂಟರ್‌ಗಳಲ್ಲಿ ಯಾವುದು ಸ್ವಂತದ್ದು, ಯಾವುದು ಸಂಸ್ಥೆಯದು ಎಂಬುದನ್ನು ಹಳೆಯ ರಸೀದಿಯಿಂದ ಖಚಿತಪಡಿಸಿಕೊಳ್ಳಬೇಕು. ಒಂದು ಸಂಸ್ಥೆಯ ಒಎನ್‌ಟಿ ಮತ್ತೊಂದು ಸಂಸ್ಥೆಯ ಜಾಲದಲ್ಲಿ ಸಾಮಾನ್ಯವಾಗಿ ನಡೆಯುವುದಿಲ್ಲ. ದೂರವಾಣಿ ಪ್ಲಗ್ ಮಾತ್ರ ಇರುವ ಹಳೆಯ ಮೋಡೆಂ ಫೈಬರ್ ಸಂಪರ್ಕಕ್ಕೆ ಉಪಯೋಗವಾಗದು. ಆದರೆ ‘ವ್ಯಾನ್’ ಎಂಬ ಲ್ಯಾನ್ ಮಾದರಿಯ ಪ್ರವೇಶದ್ವಾರವಿರುವ ಸ್ವಂತ ರೂಟರನ್ನು ಹೊಸ ಸಂಪರ್ಕದಲ್ಲೂ ಬಹುಮಟ್ಟಿಗೆ ಬಳಸಬಹುದು. ರೂಟರ್‌ನಲ್ಲಿ ಬಳಕೆದಾರರ ಹೆಸರು ಮತ್ತು ಗುಪ್ತಪದ ನಮೂದಾಗಿದ್ದರೆ ಅದು ಪಿಪಿಪಿಒಇ ವಿಧಾನ; ಹೊಸ ಸಂಸ್ಥೆಯು ನೀಡುವ ವಿವರಗಳನ್ನು ಅಲ್ಲಿ ತುಂಬಬೇಕಾಗುತ್ತದೆ.

ಮೂರನೆಯ ಹೆಜ್ಜೆ: ಐಪಿ ವಿಳಾಸ

ಅಂಗಡಿಯ ಕ್ಯಾಮೆರಾವನ್ನು ಮನೆಯಿಂದ ನೋಡುವವರು ಹಾಗೂ ಮನೆಯ ಗಣಕಯಂತ್ರದಲ್ಲಿರುವ ಲೆಕ್ಕಪತ್ರವನ್ನು ಅಂಗಡಿಯಿಂದ ತೆರೆಯುವವರು ಈ ವಿಷಯವನ್ನು ಕಡೆಗಣಿಸಬಾರದು. ರೂಟರ್‌ನ ಪುಟದಲ್ಲಿ ಕಾಣುವ ವ್ಯಾನ್ ವಿಳಾಸವನ್ನು, ಐಪಿ ವಿಳಾಸ ತೋರಿಸುವ ಯಾವುದಾದರೂ ಜಾಲತಾಣದಲ್ಲಿ ಕಾಣುವ ವಿಳಾಸದೊಂದಿಗೆ ಹೋಲಿಸಬೇಕು. ಎರಡೂ ಒಂದೇ ಆಗಿದ್ದರೆ ಅದು ಸಾರ್ವಜನಿಕ ವಿಳಾಸ. ರೂಟರ್‌ನಲ್ಲಿ 100.64ರಿಂದ 100.127ರವರೆಗಿನ ಅಂಕಿಗಳಿಂದ ಆರಂಭವಾಗುವ ವಿಳಾಸವಿದ್ದರೆ, ಒಂದೇ ಸಾರ್ವಜನಿಕ ವಿಳಾಸವನ್ನು ಸಂಸ್ಥೆಯು ಹಲವು ಗ್ರಾಹಕರಿಗೆ ಹಂಚಿದೆಯೆಂದು ಅರ್ಥ. ಅಂತಹ ಸಂಪರ್ಕದಲ್ಲಿ ಹೊರಗಿನಿಂದ ಮನೆಯ ಯಂತ್ರವನ್ನು ನೇರವಾಗಿ ತಲುಪಲಾಗದು. 10 ಅಥವಾ 192.168ರಿಂದ ಆರಂಭವಾದರೆ, ಸ್ವಂತ ರೂಟರ್‌ನ ಹಿಂದಿರುವ ಒಎನ್‌ಟಿಯ ಪುಟವನ್ನೂ ನೋಡಿದ ನಂತರವೇ ತೀರ್ಮಾನಕ್ಕೆ ಬರಬೇಕು.

ಹಣ ತೆತ್ತು ಪಡೆದ ಸ್ಥಿರ ಐಪಿ ವಿಳಾಸವು ಸಂಸ್ಥೆಯದೇ ಹೊರತು ಗ್ರಾಹಕರದಲ್ಲ. ಸೇವಾದಾರರು ಬದಲಾದರೆ ಅದೂ ಬದಲಾಗುತ್ತದೆ. ಆ ವಿಳಾಸವನ್ನು ಎಲ್ಲೆಲ್ಲಿ ನೋಂದಾಯಿಸಲಾಗಿದೆಯೋ ಅಲ್ಲೆಲ್ಲ ತಿದ್ದುಪಡಿ ಅಗತ್ಯ.

ನಾಲ್ಕನೆಯ ಹೆಜ್ಜೆ: ವೇಗದ ಅಳತೆ

2004ರ ಬ್ರಾಡ್‌ಬ್ಯಾಂಡ್ ನೀತಿಯು ಕನಿಷ್ಠ ವೇಗವನ್ನು ಸೆಕೆಂಡಿಗೆ 256 ಕಿಲೋಬಿಟ್ ಎಂದು ನಿಗದಿಪಡಿಸಿತ್ತು. 2023ರಲ್ಲಿ ಅದು 2 ಮೆಗಾಬಿಟ್‌ಗೆ ಏರಿತು. ಇಂದು ಮಾರಾಟವಾಗುವ ಯೋಜನೆಗಳ ವೇಗ ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಆದರೂ ‘ನಿಧಾನ’ ಎಂಬ ದೂರು ನಿಂತಿಲ್ಲ. ಅನೇಕ ವೇಳೆ ದೋಷವು ಸೇವಾದಾರರ ತಂತಿಯಲ್ಲಿರದೆ ಮನೆಯೊಳಗಿನ ವೈ-ಫೈನಲ್ಲಿರುತ್ತದೆ.

ಆದ್ದರಿಂದ ಗಣಕಯಂತ್ರವನ್ನು ಲ್ಯಾನ್ ತಂತಿಯಿಂದ ರೂಟರ್‌ಗೆ ಜೋಡಿಸಿ ಬೆಳಿಗ್ಗೆ, ಮಧ್ಯಾಹ್ನ ಮತ್ತು ರಾತ್ರಿ ಒಂಬತ್ತರ ಸುಮಾರಿಗೆ ವೇಗವನ್ನು ಅಳೆದು ಬರೆದಿಡಬೇಕು. ಇಳಿಕೆಯ ವೇಗದಂತೆಯೇ ಏರಿಕೆಯ ವೇಗವನ್ನೂ ಗಮನಿಸಬೇಕು. ಕಡತಗಳನ್ನು ಕಳುಹಿಸುವುದಕ್ಕೂ ವಿಡಿಯೋ ಸಭೆಗೂ ಬೇಕಾಗುವುದು ಅದೇ. ಯೋಜನೆಯ ವೇಗವು ಮೆಗಾಬಿಟ್ ಲೆಕ್ಕದಲ್ಲಿರುತ್ತದೆ, ಕಡತದ ಗಾತ್ರ ಮೆಗಾಬೈಟ್ ಲೆಕ್ಕದಲ್ಲಿ. ಎಂಟು ಬಿಟ್‌ಗೆ ಒಂದು ಬೈಟ್. ಎಂದರೆ 40 ಮೆಗಾಬಿಟ್ ಸಂಪರ್ಕದಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 5 ಮೆಗಾಬೈಟ್ ಇಳಿಯಬಹುದು. ರೂಟರ್‌ನ ದ್ವಾರ 100 ಮೆಗಾಬಿಟ್‌ನದಾಗಿದ್ದರೆ 300ರ ಯೋಜನೆಗೆ ಹಣ ತೆತ್ತರೂ ದೊರೆಯುವುದು ನೂರರೊಳಗೇ.

ತಂತಿಯಲ್ಲಿ ವೇಗ ಸರಿಯಾಗಿದ್ದು ಕೋಣೆಯಲ್ಲಿ ಮಾತ್ರ ಕಡಿಮೆಯಾದರೆ, ಸಂಸ್ಥೆಯನ್ನು ಬದಲಿಸುವ ಅಗತ್ಯವೇ ಇಲ್ಲ. ರೂಟರನ್ನು ಮನೆಯ ನಡುವೆ, ಎತ್ತರದಲ್ಲಿ ಇರಿಸಿದರೆ ಸಾಕಾಗಬಹುದು.

ಬದಲಾವಣೆಯ ಸಮಯದಲ್ಲಿ ಗಮನಿಸಬೇಕಾದ ಅಂಶಗಳು

• ಹೊಸ ಸಂಪರ್ಕವು ಕನಿಷ್ಠ ಒಂದು ವಾರ ಸರಿಯಾಗಿ ನಡೆಯುವವರೆಗೆ ಹಳೆಯದನ್ನು ರದ್ದುಪಡಿಸಬಾರದು. ಆ ಒಂದು ವಾರದ ಹೆಚ್ಚುವರಿ ಬಾಡಿಗೆಯನ್ನು ವಿಮೆಯ ಕಂತೆಂದು ಭಾವಿಸಬೇಕು.

• ಮಾಸಿಕ ವಿವರಪಟ್ಟಿ ಸಲ್ಲಿಸುವವರಿಗೆ ಜಿಎಸ್‌ಟಿಆರ್-1ಕ್ಕೆ 11ನೇ ತಾರೀಖು, 3ಬಿಗೆ 20ನೇ ತಾರೀಖು ಸಾಮಾನ್ಯ ಗಡುವು. ಬದಲಾವಣೆಯನ್ನು 20ರ ನಂತರ ಇರಿಸಿಕೊಳ್ಳುವುದು ಕ್ಷೇಮ.

• ಹಳೆಯ ಸಂಸ್ಥೆ ನೀಡಿದ ಇಮೇಲ್ ವಿಳಾಸವು ಬ್ಯಾಂಕ್ ಅಥವಾ ತೆರಿಗೆ ಜಾಲತಾಣದಲ್ಲಿ ನೋಂದಾಯಿತವಾಗಿದ್ದರೆ ಮೊದಲು ಅದನ್ನು ಬದಲಿಸಬೇಕು. ಇಮೇಲ್ ನಿಂತ ಮೇಲೆ ಅದಕ್ಕೆ ಬರುವ ಒಟಿಪಿಯೂ ದೊರೆಯದು.

• ಸ್ಥಿರ ದೂರವಾಣಿ ಸಂಖ್ಯೆಯು ನಾಮಫಲಕ ಮತ್ತು ಬಿಲ್ ಪುಸ್ತಕದಲ್ಲಿ ಮುದ್ರಿತವಾಗಿದ್ದರೆ, ಅದೇ ಸಂಸ್ಥೆಯಲ್ಲಿ ತಾಮ್ರದಿಂದ ಫೈಬರ್‌ಗೆ ಬದಲಾಗಿ ಸಂಖ್ಯೆಯನ್ನು ಉಳಿಸಿಕೊಳ್ಳಲು ಸಾಧ್ಯವೇ ಎಂದು ಮೊದಲು ವಿಚಾರಿಸಬೇಕು.

• ತಾಮ್ರದ ತಂತಿಯ ಸಾಧಾರಣ ದೂರವಾಣಿಗೆ ವಿನಿಮಯ ಕೇಂದ್ರದಿಂದಲೇ ವಿದ್ಯುತ್ ಬರುತ್ತದೆ. ಮನೆಯಲ್ಲಿ ಕರೆಂಟು ಹೋದರೂ ಅದು ನಡೆಯುತ್ತದೆ. ಫೈಬರ್‌ನಲ್ಲಿ ಹಾಗಲ್ಲ. ಒಎನ್‌ಟಿ ಮತ್ತು ರೂಟರ್ ಎರಡಕ್ಕೂ ಯುಪಿಎಸ್ ಒದಗಿಸಬೇಕು.

• ಸಂಸ್ಥೆಯ ಉಪಕರಣವನ್ನು ಹಿಂದಿರುಗಿಸುವಾಗ ಅದರ ಕ್ರಮಸಂಖ್ಯೆ ನಮೂದಿಸಿದ ಸ್ವೀಕೃತಿ ಪತ್ರವನ್ನು ತಪ್ಪದೆ ಪಡೆಯಬೇಕು. ಠೇವಣಿ ಮರುಪಾವತಿಗೆ ಅದೇ ಆಧಾರ. ರದ್ದತಿಯ ಕೋರಿಕೆಯನ್ನು ಬಾಯಿಮಾತಿನಲ್ಲಿ ಹೇಳದೆ ಲಿಖಿತವಾಗಿ ಸಲ್ಲಿಸಿ, ದೂರು ನೀಡಬೇಕಾದಲ್ಲಿ ದೂರಿನ ಸಂಖ್ಯೆಯನ್ನು ಕೇಳಿ ಪಡೆಯಬೇಕು. ದೂರು ಕೇಂದ್ರದಲ್ಲಿ ಪರಿಹಾರ ದೊರೆಯದಿದ್ದರೆ ಸಂಸ್ಥೆಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಲು ಆ ಸಂಖ್ಯೆ ಬೇಕಾಗುತ್ತದೆ.

ಮೇಲಿನ ನಾಲ್ಕು ಹೆಜ್ಜೆಗಳಿಗೆ ಒಂದು ದಿನ ಸಾಕು. ತಂತಿಯ ಬಗೆ, ಉಪಕರಣದ ಒಡೆತನ, ವಿಳಾಸದ ಸ್ವರೂಪ ಮತ್ತು ಅಳೆದ ವೇಗ, ಇವಿಷ್ಟನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡ ಗ್ರಾಹಕರು ಹೊಸ ಸಂಸ್ಥೆಯ ಪ್ರತಿನಿಧಿಯ ಮುಂದೆ ಸರಿಯಾದ ಪ್ರಶ್ನೆಗಳನ್ನು ಕೇಳಬಲ್ಲರು: ಮನೆಯೊಳಗೆ ಬರುವುದು ಫೈಬರ್ ತಂತಿಯೋ ಲ್ಯಾನ್ ತಂತಿಯೋ? ಸಾರ್ವಜನಿಕ ವಿಳಾಸ ದೊರೆಯುವುದೇ? ಏರಿಕೆಯ ವೇಗವೆಷ್ಟು? ಉಪಕರಣ ಯಾರದು? ಉತ್ತರಗಳನ್ನು ಲಿಖಿತವಾಗಿ ಪಡೆದ ಬಳಿಕವೇ ಮುಂಗಡ ಪಾವತಿಸುವುದು ಒಳಿತು. ಸರಕನ್ನು ಪರೀಕ್ಷಿಸಿ ಕೊಳ್ಳುವುದು ವ್ಯಾಪಾರಸ್ಥರಿಗೆ ಹೊಸದಲ್ಲ; ಅದೇ ಎಚ್ಚರ ಅಂತರಜಾಲ ಸಂಪರ್ಕದ ವಿಷಯದಲ್ಲಿಯೂ ಇರಬೇಕು.