ಹೂ ಬಿಡೋ ಮುಂಚೆಯೇ ಗಿಡ ಆರಿಸೋದು: ಕುಟ್ಟು ಬೆಳೆ ಕಲಿಸುವ ತಳಿ ಪಾಠ

"ಡಿಎನ್‌ಎ ನೋಡಿ ತಳಿ ಮಾಡಿದಾರಂತೆ ಸರ್, ಹಾಗಾದ್ರೆ ಅದು ಬಿಟಿ ಥರ ಕುಲಾಂತರಿನಾ?" ಅಂತ ಯುವ ರೈತರು ನನ್ನನ್ನ ಆಗಾಗ ಕೇಳ್ತಾರೆ. ಅಲ್ಲ. ಯಾಕೆ ಅಲ್ಲ ಅನ್ನೋದನ್ನ ಈ ವಾರ ಕುಟ್ಟು, ಅಂದ್ರೆ ಬಕ್‌ವೀಟ್ ಬೆಳೆಯ ಉದಾಹರಣೆಯಿಂದ ಹೇಳ್ತೀನಿ. ಹಿಮಾಲಯದ ಗುಡ್ಡಗಳಲ್ಲಿ ಇದನ್ನು ಬೆಳೀತಾರೆ. ಉತ್ತರ ಭಾರತದಲ್ಲಿ ಇದರ ಹಿಟ್ಟು ಉಪವಾಸದ ಊಟಕ್ಕೆ, ಜಪಾನಿನಲ್ಲಿ ಸೋಬಾ ನೂಡಲ್ಸ್‌ಗೆ.

ತಾಯಿ ಗೊತ್ತು, ತಂದೆ ಯಾರೋ!

ಭತ್ತ, ರಾಗಿ ಬಹುಪಾಲು ತಮ್ಮದೇ ಪರಾಗದಿಂದ ಕಾಳು ಕಟ್ಟುತ್ತವೆ. ಸಾಮಾನ್ಯ ಕುಟ್ಟುವಿನಲ್ಲಿ ಹಾಗಾಗಲ್ಲ. ಅದರಲ್ಲಿ ಎರಡು ಬಗೆಯ ಗಿಡಗಳಿವೆ. ಒಂದರ ಹೂವಿನಲ್ಲಿ ಶಲಾಕೆ ಉದ್ದ, ಕೇಸರ ಗಿಡ್ಡ. ಇನ್ನೊಂದರಲ್ಲಿ ಇದಕ್ಕೆ ತದ್ವಿರುದ್ಧ. ಜೇನುನೊಣದಂಥ ಕೀಟಗಳು ಒಂದು ಬಗೆಯ ಪರಾಗವನ್ನ ಇನ್ನೊಂದಕ್ಕೆ ಮುಟ್ಟಿಸಿದರೇನೇ ಕಾಳು.

ತೊಂದರೆ ಇರೋದು ಇಲ್ಲೇ. ಕಾಳು ತೂಗಿ ಒಳ್ಳೆ ಗಿಡ ಆರಿಸುವಷ್ಟರಲ್ಲಿ ಪಕ್ಕದ ಕಳಪೆ ಗಿಡದ ಪರಾಗವೂ ಆ ಬೀಜದೊಳಗೆ ಸೇರಿಬಿಟ್ಟಿರುತ್ತೆ.

ಎಲೆಯಲ್ಲೇ ಗುರುತು

ಮಾರ್ಕರ್ ಅಂದ್ರೆ ಹೊಲದ ಬಾಂದು ಕಲ್ಲಿದ್ದ ಹಾಗೆ. ಕಲ್ಲು ತಾನೇ ಬೆಳೆ ಕೊಡಲ್ಲ, ಜಮೀನು ಯಾವುದು ಅಂತ ತೋರಿಸುತ್ತೆ. ಡಿಎನ್‌ಎಯಲ್ಲಿ ಗಿಡದಿಂದ ಗಿಡಕ್ಕೆ ಬೇರೆಯಾಗಿರುವ ಇಂಥ ಗುರುತುಗಳು ಹತ್ತಿರದ ಗುಣಗಳ ಸುಳಿವು ಕೊಡುತ್ತವೆ.

ಆದರೆ ಇಳುವರಿಯನ್ನ ಒಂದೇ ಜೀನ್ ನಿರ್ಧರಿಸಲ್ಲ, ಹಲವು ಜೀನ್‌ಗಳ ಪಾಲಿರುತ್ತೆ. ಅದಕ್ಕೇ ಜೀನೋಮಿಕ್ ಸೆಲೆಕ್ಷನ್:

1. ಕೆಲವು ಗಿಡಗಳ ಇಳುವರಿಯನ್ನೂ ಮಾರ್ಕರ್‌ಗಳನ್ನೂ ದಾಖಲಿಸ್ತಾರೆ.
2. ಯಾವ ಗುರುತಿಗೆ ಎಷ್ಟು ಅಂಕ ಅಂತ ಕಂಪ್ಯೂಟರ್ ಲೆಕ್ಕ ಹಾಕುತ್ತೆ.
3. ಹೊಸ ಸಸಿಗಳ ಎಲೆ ಪರೀಕ್ಷಿಸಿ, ಕಡಿಮೆ ಅಂಕದವನ್ನ ಹೂ ಬಿಡೋ ಮುಂಚೆ ತೆಗೀತಾರೆ.

ಆಗ ತಾಯಿ, ತಂದೆ ಎರಡೂ ಆರಿಸಿದ ಗಿಡಗಳೇ ಆಗುತ್ತವೆ. ಜಪಾನಿನ ವಿಜ್ಞಾನಿಗಳು 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಈ ದಾರಿ ಹಳೆಯ ಆಯ್ಕೆ ಕ್ರಮಕ್ಕಿಂತ ಹೆಚ್ಚು ಫಲ ಕೊಟ್ಟಿತು. ಹಾಗಂತ ಹೊಲದ ಕೆಲಸ ಮುಗಿಯಲ್ಲ. ಪೀಳಿಗೆ ಕಳೆದಂತೆ ಗುರುತಿಗೂ ಗುಣಕ್ಕೂ ಇರುವ ನಂಟು ಸಡಿಲವಾಗುತ್ತೆ. ಮತ್ತೆ ಹೊಲದಲ್ಲಿ ಅಳೀಲೇಬೇಕು.

ನಮಗೇನು?

ಇಲ್ಲಿ ಪ್ರಯೋಗಾಲಯದಲ್ಲಿ ಹೊರಗಿನ ಜೀನ್ ತುರುಕಲ್ಲ, ಇರೋದರಲ್ಲೇ ಆರಿಸ್ತಾರೆ. ನಮ್ಮಲ್ಲೂ ಉದಾಹರಣೆ ಇದೆ. ದುಂಡಾಣು ಅಂಗಮಾರಿ ತಡೆಯುವ ಇಂಪ್ರೂವ್ಡ್ ಸಾಂಬಾ ಮಸೂರಿ ಭತ್ತವನ್ನ ಹೈದರಾಬಾದಿನ ವಿಜ್ಞಾನಿಗಳು ಸಾಂಪ್ರದಾಯಿಕ ಸಂಕರಣ ಮಾಡಿ, ಮಾರ್ಕರ್ ನೋಡಿ ಆರಿಸಿ ರೂಪಿಸಿದ್ರು.

ಹಾಗಾಗಿ "ಡಿಎನ್‌ಎ ಟೆಕ್ನಾಲಜಿ ಬೀಜ" ಅಂತ ಯಾರಾದ್ರೂ ದುಬಾರಿ ಬೆಲೆ ಹೇಳಿದ್ರೆ ಹೆದರಬೇಡಿ, ಮರುಳೂ ಆಗಬೇಡಿ. ಮೂರು ಪ್ರಶ್ನೆ ಕೇಳಿ: ಯಾವ ಗುಣಕ್ಕಾಗಿ ಆರಿಸಿದ್ದು? ನಮ್ಮ ಭಾಗದಲ್ಲಿ ಎಷ್ಟು ಹಂಗಾಮು ಬೆಳೆದು ನೋಡಿದ್ದಾರೆ? ಮುಂದಿನ ಬಿತ್ತನೆಗೆ ಬೀಜ ಎತ್ತಿಡಬಹುದಾ? ಉತ್ತರ ಸಿಕ್ಕ ಮೇಲೆ ದುಡ್ಡು ಬಿಚ್ಚಿ.