ಪಗ್ ನಾಯಿಯ ತಟ್ಟೆಗೆ ಏನು, ಎಷ್ಟು?

ಪಗ್ ಮರಿ ತಂದವರು ಮೊದಲು ಕೇಳುವುದು ‘ಯಾವ ಕಂಪನಿಯ ಫುಡ್ ಒಳ್ಳೆಯದು?’ ಎಂದು. ಆ ಪ್ರಶ್ನೆಗೆ ಆಮೇಲೆ ಬರೋಣ. ಮೊದಲು ಅದರ ಮುಖವನ್ನು ಅರ್ಥ ಮಾಡಿಕೊಳ್ಳಬೇಕು.

2003ರ ಹಚ್ ಮೊಬೈಲ್ ಜಾಹೀರಾತಿನಲ್ಲಿ ಪುಟ್ಟ ಹುಡುಗನ ಬೆನ್ನು ಬಿಡದೆ ನಡೆದ ನಾಯಿ ಹಲವರಿಗೆ ನೆನಪಿರಬಹುದು. ಅದೇ ಪಗ್. ಇದರ ಮೂತಿಯ ಮೂಳೆ ಗಿಡ್ಡವಾಯಿತೇ ಹೊರತು ಒಳಗಿನ ಮಾಂಸ ಅಷ್ಟೇ ಗಿಡ್ಡವಾಗಲಿಲ್ಲ. ಹೊಳ್ಳೆಗಳು ಕಿರಿದು, ಅಂಗುಳದ ಹಿಂಭಾಗ ಉದ್ದವಾಗಿ ಗಂಟಲಿನೊಳಕ್ಕೆ ಇಳಿಬಿದ್ದಿರುತ್ತದೆ. ಮುದ್ದು ಎನಿಸುವ ಆ ಗೊರಗೊರ ಸದ್ದು ಬರುವುದೇ ಅದರಿಂದ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಚಾಚಿ ತೇಕಿಯೇ ಮೈ ತಂಪು ಮಾಡಿಕೊಳ್ಳಬೇಕು. ಉಸಿರಿನ ದಾರಿಯೇ ಇಕ್ಕಟ್ಟಾದ ಪಗ್‌ಗೆ ಏಪ್ರಿಲ್ ಬಿಸಿಲಲ್ಲಿ ಅದೂ ಕಷ್ಟ. ಇಂಥ ನಾಯಿಗೆ ಬೊಜ್ಜು ಬಂದರೆ, ಆ ಕೊಬ್ಬು ಕುತ್ತಿಗೆ ಮತ್ತು ಎದೆಯ ಸುತ್ತ ಕೂತು ಇರುವ ದಾರಿಯನ್ನೂ ಒತ್ತುತ್ತದೆ. ಹಾಗಾಗಿ ಪಗ್‌ಗೆ ಎಷ್ಟು ಹಾಕುತ್ತೇವೆ ಎನ್ನುವುದು ಅದು ಎಷ್ಟು ಸಲೀಸಾಗಿ ಉಸಿರಾಡುತ್ತದೆ ಎನ್ನುವುದರ ಲೆಕ್ಕವೂ ಹೌದು.

ಬೆಳೆದ ಪಗ್ ಸಾಮಾನ್ಯವಾಗಿ ಆರೂಕಾಲರಿಂದ ಎಂಟು ಕಿಲೋ ತೂಗಬೇಕು. ಸಂತಾನಹರಣ ಚಿಕಿತ್ಸೆಯಾಗಿ ಮನೆಯಲ್ಲೇ ಇರುವ ಏಳು ಕಿಲೋದ ನಾಯಿಗೆ ದಿನಕ್ಕೆ ಹತ್ತಿರ ಹತ್ತಿರ 400 ಕಿಲೋಕ್ಯಾಲರಿ ಸಾಕು. ಅಂಗಡಿಯ ಡ್ರೈ ಫುಡ್‌ನಲ್ಲಿ 100 ಗ್ರಾಂಗೆ 350ರಿಂದ 400 ಕಿಲೋಕ್ಯಾಲರಿ ಇರುತ್ತದೆ. ಅಂದರೆ ಇಡೀ ದಿನಕ್ಕೆ 100ರಿಂದ 115 ಗ್ರಾಂ, ಅದನ್ನೇ ಎರಡು ಹೊತ್ತಿಗೆ ಹಂಚಬೇಕು. ಕಣ್ಣಳತೆ ಬೇಡ, ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ. ಇನ್ನು ಬಿಸ್ಕತ್ತು: ಟೀ ಕುಡಿಯುವಾಗ ನಾವು ಮುರಿದು ಹಾಕುವ ಗ್ಲೂಕೋಸ್ ಬಿಸ್ಕತ್ತು ಒಂದಕ್ಕೆ ಸುಮಾರು 25 ಕಿಲೋಕ್ಯಾಲರಿ. ಮನೆಯ ನಾಲ್ಕು ಜನ ಒಂದೊಂದು ಕೊಟ್ಟರೆ ದಿನದ ಊಟದ ಕಾಲು ಭಾಗ ಮುಗಿಯಿತು. ನಡುವೆ ಏನಾದರೂ ಕೊಡಲೇಬೇಕು ಎನಿಸಿದರೆ ಬೇಯಿಸಿದ ಕ್ಯಾರೆಟ್ ಇಲ್ಲವೇ ಬೀನ್ಸ್ ತುಂಡು ಕೊಡಿ. ನಮ್ಮ ಚಿಕ್ಕಬಳ್ಳಾಪುರದ ಕಡೆ ಇವೆರಡಕ್ಕೂ ಬರವಿಲ್ಲ.

ಶಿಡ್ಲಘಟ್ಟ ಬಳಿಯ ನಮ್ಮ ಮೇಲೂರಿನವರು ಮುಖ್ಯವಾಗಿ ಗಮನಿಸಬೇಕಾದ ವಿಷಯ ಇನ್ನೊಂದಿದೆ. ಇದು ದ್ರಾಕ್ಷಿಯ ಊರು. ಚಪ್ಪರದ ಕೆಳಗೆ ಹಣ್ಣು ಉದುರಿರುತ್ತದೆ, ಕೊಯ್ಲಿನ ದಿನಗಳಲ್ಲಿ ಕ್ರೇಟುಗಳು ಮನೆ ಮುಂದೆಯೇ ಇರುತ್ತವೆ. ದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನು ಕೆಡಿಸಬಲ್ಲದು. ಬೀಜ ಇರಲಿ ಇಲ್ಲದಿರಲಿ, ಕಪ್ಪಾಗಲಿ ಹಸಿರಾಗಲಿ ವ್ಯತ್ಯಾಸವಿಲ್ಲ. ಪಾಯಸದ ಒಣದ್ರಾಕ್ಷಿ ಇನ್ನೂ ಅಪಾಯ. ಇಷ್ಟು ತಿಂದರೆ ಪರವಾಗಿಲ್ಲ ಎನ್ನಬಹುದಾದ ಪ್ರಮಾಣವೇ ಗೊತ್ತಾಗಿಲ್ಲ. ಒಂದು ನಾಯಿ ಹಿಡಿ ತಿಂದು ಬದುಕಬಹುದು, ಇನ್ನೊಂದು ನಾಲ್ಕಾರು ಕಾಳಿಗೇ ಮಲಗಬಹುದು. ಸಾಮಾನ್ಯವಾಗಿ ಒಂದು ದಿನದೊಳಗೆ ವಾಂತಿ ಶುರುವಾಗುತ್ತದೆ. ಎರಡು ಮೂರು ದಿನಗಳಲ್ಲಿ ಮೂತ್ರವೇ ನಿಲ್ಲಬಹುದು. ಹಾಗಾಗಿ ಲಕ್ಷಣಕ್ಕೆ ಕಾಯದೆ, ತಿಂದದ್ದು ಕಂಡ ಕೂಡಲೇ ಪಶುವೈದ್ಯರ ಬಳಿ ಹೊರಡಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ಖಂಡಿತ ಬೇಡ. ಉಪ್ಪೇ ನಾಯಿಗೆ ವಿಷವಾಗಬಹುದು. ಜೊತೆಗೆ ಚಪ್ಪಟೆ ಮುಖದ ನಾಯಿಯಲ್ಲಿ ವಾಂತಿ ಶ್ವಾಸಕೋಶಕ್ಕೆ ಇಳಿಯುವ ಭಯ ಹೆಚ್ಚು.

ದ್ರಾಕ್ಷಿಯ ಟಾರ್ಟಾರಿಕ್ ಆಮ್ಲವೇ ಇದಕ್ಕೆ ಕಾರಣವಿರಬೇಕು ಎಂದು ಅಮೆರಿಕದ ಪಶುವೈದ್ಯರು 2021ರಲ್ಲಿ ಹೇಳಿದರು. ಮರುವರ್ಷ ಹುಣಸೆ ತಿಂದು ಮೂತ್ರಪಿಂಡ ಕೆಟ್ಟ ನಾಯಿಗಳ ವಿವರಗಳೂ ಪ್ರಕಟವಾದವು. ಹುಣಸೆಯಲ್ಲಿರುವುದೂ ಅದೇ ಆಮ್ಲ. ಈಗ ನಮ್ಮ ಸಾರನ್ನು ನೆನೆಯಿರಿ: ಹುಣಸೆ, ಈರುಳ್ಳಿ, ಬೆಳ್ಳುಳ್ಳಿ, ಉಪ್ಪು, ಖಾರ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ, ಬೆಂದರೂ ಒಣಗಿದರೂ ಬಿಡುವುದಿಲ್ಲ. ಬಸ್ಸಾರು ಕಲಸಿದ ಮುದ್ದೆಯನ್ನು ನಾಯಿಗೆ ಹಾಕುವ ಮನೆಗಳಲ್ಲಿ ತಪ್ಪು ಮುದ್ದೆಯದಲ್ಲ, ಸಾರಿನದು.

ಹಾಗೆಂದು ಮುದ್ದೆಯೊಂದೇ ಊಟವೂ ಅಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅದು ದೊಡ್ಡ ಗುಣ. ಪ್ರೋಟೀನು ಮಾತ್ರ ಏಳು ಗ್ರಾಂ ಆಸುಪಾಸು. ನಾಯಿಗೆ ಅದು ಸಾಲದು. ಮುದ್ದೆಯ ಅಂಟು ತುತ್ತು ಪಗ್‌ನ ಗಂಟಲಿಗೂ ಆಗಿಬರುವುದಿಲ್ಲ. ತೆಳ್ಳಗಿನ ಉಪ್ಪಿಲ್ಲದ ಗಂಜಿ ಮಾಡಿ, ಮೂಳೆ ತೆಗೆದ ಬೇಯಿಸಿದ ಕೋಳಿ ಅಥವಾ ಮೊಟ್ಟೆ, ಒಂದಿಷ್ಟು ಕುಂಬಳಕಾಯಿ ಸೇರಿಸಬಹುದು. ಬೆಂದ ಮೂಳೆ ಚೂಪಾಗಿ ಸೀಳುತ್ತದೆ, ಬಾಡೂಟದ ಎಲೆಯಿಂದ ಅದನ್ನು ದೂರವಿಡಿ. ಹಾಲಿಗಿಂತ ಒಂದೆರಡು ಚಮಚ ಮೊಸರು ಹೊಟ್ಟೆಗೆ ಹಗುರ. ಪೂರ್ತಿ ಮನೆಯೂಟದಲ್ಲೇ ಸಾಕುವುದಾದರೆ ಖನಿಜ, ವಿಟಮಿನ್‌ಗಳ ಕೊರತೆ ತಿಂಗಳುಗಟ್ಟಲೆ ಕಾಣದೆ ಬೆಳೆಯುತ್ತದೆ. ಆದ್ದರಿಂದ ಪಶುವೈದ್ಯರಿಂದ ಪಟ್ಟಿ ಬರೆಸಿಕೊಂಡೇ ಶುರುಮಾಡಿ.

ಶಿಡ್ಲಘಟ್ಟದ ಸೀಮೆಯಲ್ಲಿ ರೇಷ್ಮೆ ನೂಲು ತೆಗೆದ ಮೇಲೆ ಉಳಿಯುವ ಪ್ಯೂಪವನ್ನು ಹಾಕಬಹುದೇ ಎಂಬ ಯೋಚನೆಯೂ ಬರಬಹುದು. ಒಣ ಪ್ಯೂಪದಲ್ಲಿ ಅರ್ಧದಷ್ಟು ಪ್ರೋಟೀನೇ ಇದೆ, ನಿಜ. ಆದರೆ ಕಾಲು ಭಾಗದಷ್ಟು ಕೊಬ್ಬೂ ಇದೆ, ಮತ್ತು ಅದು ಬಹಳ ಬೇಗ ಕಮಟುತ್ತದೆ. ಕುದಿಯುವ ಬೇಸಿನ್ನಿಂದ ತೆಗೆದು ಮೂಲೆಯಲ್ಲಿ ರಾಶಿ ಹಾಕಿದ್ದನ್ನು ಪಗ್‌ಗೆ ಹಾಕಲು ನಾನು ಒಪ್ಪುವುದಿಲ್ಲ.

ಈಗ ಕಂಪನಿಯ ಪ್ರಶ್ನೆ. ಚೀಲದ ಮುಂದಿನ ಚಿತ್ರ ಬಿಟ್ಟು ಹಿಂಭಾಗ ಓದಿ. ಇದು ಸಂಪೂರ್ಣ, ಸಮತೋಲಿತ ಆಹಾರ ಎಂದು ಬರೆದಿರಬೇಕು, ಮರಿಗೋ ಬೆಳೆದ ನಾಯಿಗೋ ಎಂದೂ ಇರಬೇಕು. ಅಮೆರಿಕದ ಪಶು ಆಹಾರ ನಿಯಂತ್ರಣಾಧಿಕಾರಿಗಳ ಸಂಘದ (ಎಎಎಫ್‌ಸಿಒ) ಮಾನದಂಡದಂತೆ ತೇವಾಂಶ ಕಳೆದು ಲೆಕ್ಕ ಹಾಕಿದರೆ ಬೆಳೆದ ನಾಯಿಗೆ ಕನಿಷ್ಠ ಶೇ 18, ಮರಿಗೆ ಶೇ 22.5 ಪ್ರೋಟೀನ್ ಬೇಕು. ಇಷ್ಟಿದ್ದರೆ ಪಗ್ ಚಿತ್ರವಿರುವ ದುಬಾರಿ ಚೀಲವೇ ಬೇಕೆಂದಿಲ್ಲ. ಹೊಸ ಫುಡ್‌ಗೆ ಬದಲಿಸುವಾಗ ಹಳೆಯದರ ಜೊತೆ ಬೆರೆಸುತ್ತಾ ಒಂದು ವಾರ, ಹತ್ತು ದಿನ ತೆಗೆದುಕೊಳ್ಳಿ.

ತಟ್ಟೆಯೂ ಮುಖ್ಯ. ಆಳದ ಬಟ್ಟಲಲ್ಲಿ ಮೂತಿಯಿಲ್ಲದ ನಾಯಿ ಮುಖವಿಡೀ ಹೂತು, ಗಾಳಿಯನ್ನೂ ನುಂಗಿ, ತಿಂದದ್ದನ್ನು ಕಕ್ಕುತ್ತದೆ. ಅಗಲವಾದ ಚಪ್ಪಟೆ ತಟ್ಟೆ ಸಾಕು. ಗಬಗಬ ತಿನ್ನುವ ನಾಯಿಯಾದರೆ ಡ್ರೈ ಫುಡ್ ಅನ್ನು ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ ಕೊಡಿ. ಬಿಸಿಲೇರುವ ಮುಂಚೆ ಒಂದು ಹೊತ್ತು, ಹೊತ್ತು ಮುಳುಗಿದ ಮೇಲೆ ಒಂದು ಹೊತ್ತು ಊಟ. ಉಂಡ ತಕ್ಷಣ ಓಡಾಟ ಬೇಡ. ಮುಖದ ಮಡಿಕೆಯಲ್ಲಿ ಸಿಕ್ಕಿದ ಅಗುಳನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿ.

ತಿಂಗಳಿಗೊಮ್ಮೆ ನಾಯಿಯನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ನಿಮ್ಮ ತೂಕ ಕಳೆದು ಕ್ಯಾಲೆಂಡರಿನಲ್ಲಿ ಬರೆಯಿರಿ. ಪಕ್ಕೆಯ ಮೇಲೆ ಬೆರಳಾಡಿಸಿದಾಗ ಮೂಳೆಗಳು ಒತ್ತದೆಯೇ ಕೈಗೆ ಸಿಗಬೇಕು, ಮೇಲಿನಿಂದ ನೋಡಿದರೆ ಸೊಂಟ ಕಾಣಬೇಕು. ಕಾಣದಿದ್ದರೆ ದಿನದ ಅಳತೆಯಲ್ಲಿ ಹತ್ತು ಗ್ರಾಂ ಇಳಿಸಿ, ಮುಂದಿನ ತಿಂಗಳು ಮತ್ತೆ ತೂಗಿ.