ದೋಣಿವಿಹಾರಕ್ಕೆ ಹೊರಟ ಮಕ್ಕಳ ಉಡುಪು

ಪುಣೆಯ ಇಂಜಿನಿಯರಿಂಗ್ ಕಾಲೇಜಿನ ಬೋಟ್ ಕ್ಲಬ್ 1928ರಷ್ಟು ಹಳೆಯದು. ಪವನಾ ಜಲಾಶಯದ ತೀರದ ಶಿಬಿರಗಳಿಗೂ ನಮ್ಮ ಮಕ್ಕಳು ಹೋಗುವುದುಂಟು.

ಮಗನಿಗೆ ಈಜು ಬರುತ್ತದೆಂದು ತಂದೆತಾಯಿಗಳು ನಿಶ್ಚಿಂತರಾಗಬಾರದು. ತಲೆಗೆ ಪೆಟ್ಟು ಬಿದ್ದವನಿಗೂ, ತಣ್ಣೀರಿನಲ್ಲಿ ಥಟ್ಟನೆ ಬಿದ್ದು ಉಸಿರು ತಪ್ಪಿದವನಿಗೂ ಈಜು ನೆರವಾಗದು. ಆಗ ಅವನನ್ನು ತೇಲಿಸುವುದು ಲೈಫ್ ಜಾಕೆಟ್. ಅದು ಮೈತೂಕಕ್ಕೆ ತಕ್ಕುದಾಗಿರಬೇಕು. ಬಕಲುಗಳನ್ನೆಲ್ಲ ಬಿಗಿದು, ಭುಜದ ಬಳಿ ಹಿಡಿದು ಮೇಲಕ್ಕೆತ್ತಿ ನೋಡಿರಿ. ಗದ್ದವನ್ನು ದಾಟಿ ಮೇಲೇರಿದರೆ ಅದು ಸಡಿಲವೆಂದು ತಿಳಿಯಿರಿ.

ಹತ್ತಿಬಟ್ಟೆ ಬಿಸಿಲಿಗೆ ಹಿತಕರವಾದರೂ ನೀರನ್ನು ಹೀರಿ ಭಾರವಾಗುತ್ತದೆ, ಬೇಗನೆ ಒಣಗದು. ಒದ್ದೆ ಬಟ್ಟೆಗೆ ಗಾಳಿ ತಾಗಿದಾಗ ನೀರು ಆವಿಯಾಗುತ್ತ ಮೈಯ ಶಾಖವನ್ನು ಸೆಳೆಯುತ್ತದೆ. ಡಿಸೆಂಬರಿನ ಮುಂಜಾನೆಗಳಲ್ಲಿ ಮಕ್ಕಳು ನಡುಗುವುದು ಇದರಿಂದಲೇ. ಆದುದರಿಂದ ನೈಲಾನ್ ಅಥವಾ ಪಾಲಿಯೆಸ್ಟರ್ ಉಡುಪು ಮೇಲು. ಜೀನ್ಸ್, ದುಪಟ್ಟಾ, ಗಂಬೂಟುಗಳು ಸಲ್ಲವು. ಹಿಮ್ಮಡಿಗೆ ಪಟ್ಟಿಯುಳ್ಳ ಚಪ್ಪಲಿ ಸಾಕು.

ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ ಒಣಬಟ್ಟೆ, ಟವೆಲು, ಉಣ್ಣೆಯ ಸ್ವೆಟರು, ಕುಡಿಯುವ ನೀರು, ಗದ್ದಕ್ಕೆ ಕಟ್ಟುವ ಟೊಪ್ಪಿಗೆ, ಉಬ್ಬಸವುಳ್ಳವರಿಗೆ ಇನ್‌ಹೇಲರ್ ಜೊತೆಗಿರಲಿ. ಸೀಟಿಯನ್ನು ಮಾತ್ರ ಚೀಲದಲ್ಲಿಡದೆ ಜಾಕೆಟ್ಟಿಗೇ ಕಟ್ಟಿರಿ.

ಅಳತೆಯ ಜಾಕೆಟ್ ದೊರೆಯದಿದ್ದರೆ ಮಕ್ಕಳನ್ನು ದೋಣಿ ಹತ್ತಿಸಲಾಗದು. ವಿಹಾರವನ್ನು ಇನ್ನೊಂದು ಭಾನುವಾರಕ್ಕೆ ಮುಂದೂಡಬಹುದು.